ಎಲ್ಲಾದಕ್ಕೂ ಏಳು

ದಾಂಡೇಲಿ
೧೪ ಡಿಸೆಂಬರ್ ೨೦೨೪

ನನ್ನ ಕೂಸು ಸ್ವಪ್ನಾಗ,

ಅವ್ವ ಮಾಡುವ ಆಶೀರ್ವಾದ. ನಾವಿಲ್ಲಿ ಆರಾಮ ಅದೀವಿ, ನೀನೂ ನಿನ್ನ ಹೊಟ್ಟ್ಯಾಗಿನ ಕೂಸೂ ಆರಾಮ ಅದೀರಿ ಅಂತ ತಿಳ್ಕೊಂಡೇನಿ. ಇಷ್ಟು ದಿನ ನಿನ್ನ ಫೋನ್ ಬಂದ್ರ ಎರಡ ಮಾತಾಡಿ ಇಟ್ಟುಬಿಟ್ಟೆ. "ಯವ್ವಾ, ಯಾಕ ಮಾತಾಡವಲ್ಲಿ?" ಅಂತ ನೀ ಮೊನ್ನೆ ಕೇಳಿದಿ. ನಿಮ್ಮ ಮನ್ಯಾಗ ಫೋನ್ ಬಂದ್ರ ಸ್ಪೀಕರ್ ಹಾಕಿ ಎಲ್ಲಾರೂ ಸುತ್ತ ಕುಂದರ್ತೀರಿ. ಅದು ಪ್ರೀತಿಯಿಂದನ, ನಾ ತಪ್ಪ ಅನ್ನೂದಿಲ್ಲ. ಆದ್ರ ಅಷ್ಟು ಮಂದಿ ನಡುವ ನನಗ ಮಾತು ಬರೂದಿಲ್ಲ. ಅದಕ್ಕ ಪತ್ರ. ನಾ ಪತ್ರ ಬರದು ಎಷ್ಟೋ ವರ್ಷ ಆತು, ಅಕ್ಷರ ಸೊಟ್ಟ ಆದ್ರ ನಗಬ್ಯಾಡ.

ನಿಮ್ಮಪ್ಪಗ ಈಗ ಹಗಲ ಪಾಳಿ ಇಲ್ಲ. ಮಿಲ್ಲಿನ್ಯಾಗ ಯಾರನ್ನೋ ಕೇಳಿ ಪಾಳಿ ಬದಲಿ ಮಾಡ್ಕೊಂಡಾರ, ನಾ ಹೊರಗ ಹೋದಾಗ ಬಾಳೇಶನ ಜೋಡಿ ಇರಾಕ. ನಿನಗ ನಂಬಿಕಿ ಬರ್ಲಿಕ್ಕಿಲ್ಲ, ಈಗ ಅವ್ರು ನಿನ್ನ ತಮ್ಮಗ ಉಣಸೂದು ಕಲತಾರ. ತಲಿ ಹಿಂದ ಕೈ ಕೊಟ್ಟು, ಗದ್ದ ಹಿಡದು, ನುಂಗೂ ತನಕ ಕಾಯ್ತಾರ. ಮೊದಲ ದಿನ ಅಂಗಿತುಂಬ ಗಂಜಿ ಚೆಲ್ಲಿಕೊಂಡು, "ಅನ್ನಪೂರ್ಣಾ, ಇದನ್ನ ನೀ ದಿನಾ ಮೂರ ಹೊತ್ತ ಮಾಡ್ತೀಯಾ?" ಅಂದ್ರು. ಹದಿನಾಲ್ಕ ವರ್ಷದ ಮ್ಯಾಲ ಕೇಳಿದ ಪ್ರಶ್ನಿ! ಸಿಟ್ಟು ಬರಬೇಕಿತ್ತು, ನಗಿ ಬಂತು. ಹ್ವಾದ ಐತವಾರ ಅವನ್ನ ಸ್ಕೂಟರಿನ ಮುಂದ ಕೂಡಿಸಿ, ನನ್ನ ಹಳೇ ಸೀರಿಲೆ ತಮ್ಮ ಹೊಟ್ಟಿಗಿ ಕಟ್ಟಿಕೊಂಡು ಕುಳಗಿ ತನಕ ಕರ್ಕೊಂಡ ಹೋಗಿದ್ರು. ಅಲ್ಲಿ ಜಿಂಕಿ ನೋಡಿ ಬಾಳೇಶ ಎಷ್ಟು ಕೂಗಿದ ಅಂದ್ರ ಜಿಂಕಿ ಎಲ್ಲಾ ಓಡಿಹ್ವಾದುವಂತ.

ನಾ ಎಲ್ಲಿ ಹೋಗ್ತೀನಿ, ಏನ ಕೆಲಸ ಅಂತ ನಿನಗ ಸರಿಯಾಗಿ ಹೇಳೇ ಇಲ್ಲ. ಧಾರವಾಡದಿಂದ ಸುಮಿತಾ ಅಂತ ಒಬ್ರು ಮೇಡಂ ಬಂದಿದ್ರು. ನಿನಗಿಂತ ನಾಕೈದ ವರ್ಷ ದೊಡ್ಡಾಕಿ ಇರಬೇಕು. ಬಾಳೇಶನಂಥ ಮಕ್ಕಳಿಗೆ ಕಸರತ್ತು ಮಾಡಸೂ ಕೇಂದ್ರ ಐತಲ್ಲ ನಮ್ಮೂರಾಗ, ಅದನ್ನ ನಡಸೂ ಟ್ರಸ್ಟಿನವ್ರು ಆಕಿನ್ನ ಕರಸಿದ್ರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ಕಡೆ ಎಲ್ಲಾ ತಾಯಿ ತಂದಿಗಳಿಗೆ ಭೆಟ್ಟಿ ಆಗಿ, ನಿಮಗ ಸಿಗೂ ಸೇವಾ ಹೆಂಗ ಐತಿ ಅಂತ ಕೇಳಬೇಕು, ಕೇಳಿದ್ದನ್ನ ಅಳೀಬೇಕು. ಅದು ಆಕಿ ಕೆಲಸ. ಧಾರವಾಡದಾಗ ಓದಿದ್ರೂ ಆಕಿ ಮೈಸೂರು ಕಡೆಯಾಕಿ, ಮಾತು ಪುಸ್ತಕದಂಗ. ಹಳ್ಳಿ ಮಂದಿ ಬಾಯಿ ತಗದು ನೋಡತಿದ್ರು. ಜೋಯಿಡಾ ಕಡೆ ಕೊಂಕಣಿ ಬ್ಯಾರೆ. ಅದಕ್ಕ ನನ್ನ ಜೋಡಿ ಮಾಡ್ಕೊಂಡ್ಲು. ಮಿಲ್ಲಿನ ಕಾಲೋನಿಯೊಳಗ ಇದ್ದು ಇದ್ದು ನನಗ ಅಷ್ಟಿಷ್ಟು ಕೊಂಕಣಿ ಬರ್ತೈತಲ್ಲ.

ಪ್ರಶ್ನಿ ಹೆಂಗಿದ್ವು ಗೊತ್ತೇನು? "ನಿಮ್ಮ ಮಗುವಿನ ಜೊತೆ ಕೆಲಸ ಮಾಡುವವರು ನಿಮ್ಮ ಮಾತನ್ನು ಎಷ್ಟರ ಮಟ್ಟಿಗೆ ಕೇಳಿಸಿಕೊಳ್ಳುತ್ತಾರೆ?" "ನಿಮ್ಮನ್ನು ಎಷ್ಟರ ಮಟ್ಟಿಗೆ ಗೌರವದಿಂದ ಕಾಣುತ್ತಾರೆ?" ಇಲ್ಲವೇ ಇಲ್ಲ ಅಂದ್ರ ಒಂದು, ಪೂರ್ತಿ ಅಂದ್ರ ಏಳು. ಅದರ ನಡುವಿಂದಕ್ಕ ನಡುವಿನ ಅಂಕಿ. ಮೊದಲ ಸಲ ಓದಿದಾಗ ಆ ಎರಡನೇ ಪ್ರಶ್ನಿ ನಾ ಮತ್ತೊಮ್ಮೆ ಓದಿದೆ. ಬಾಳೇಶ ಹುಟ್ಟಿದಾಗಿಂದ ಎಷ್ಟು ದವಾಖಾನಿ, ಎಷ್ಟು ಕಚೇರಿ, ಎಷ್ಟು ಬಾಗಿಲ ಮುಂದ ನಿಂತೇನಿ. ನಿನ್ನ ಗೌರವದಿಂದ ಕಂಡ್ರೇನವ್ವಾ ಅಂತ ಯಾರೂ ಕೇಳಿರಲಿಲ್ಲ.

ಆದ್ರ ಮನಿ ಮನಿಗೆ ಹೋಗಾಕ ಸುರು ಮಾಡಿದ ಮ್ಯಾಲ ತಿಳೀತು, ಕೇಳೂದು ಬ್ಯಾರೆ, ಹೇಳೂದು ಬ್ಯಾರೆ.

ಹಳಿಯಾಳದ ಹತ್ತರ ಒಂದು ಹಳ್ಳ್ಯಾಗ ಗೂಳಪ್ಪ ಅಂತ ಒಬ್ಬ ರೈತ ಅದಾನ. ಹೆಂಡ್ತಿ ತೀರಿಹೋಗ್ಯಾಳ. ಮಗಳಿಗೆ ಒಂಬತ್ತೋ ಹತ್ತೋ ವರ್ಷ, ಕಾಲು ಕತ್ತರಿಯಂಗ ಒಂದರ ಮ್ಯಾಲ ಒಂದು ಸೆಟದು ನಿಲ್ತಾವ. ನಮ್ಮ ಕೇಂದ್ರದ ಕಿರಣಕುಮಾರ ಸರ್ ವಾರಕ್ಕೊಮ್ಮೆ ಅವ್ರ ಊರಿಗೆ ಹೋಗಿ ಕಾಲಿಗೆ ಕಸರತ್ತು ಮಾಡಿಸಿ ಬರ್ತಾರ. ನಾವು ಹ್ವಾದಾಗ ಗೂಳಪ್ಪ ಅಂಗಳದಾಗ ಗೊಂಜಾಳ ತೆನಿ ಸುಲೀತಿದ್ದ. ಮಗಳನ್ನ ಪಕ್ಕದಾಗ ಚೀಲಕ್ಕ ಆನಿಸಿ ಕೂಡಿಸಿದ್ದ. ನಾ ಮೊದಲ ಪ್ರಶ್ನಿ ಓದಿ ಮುಗಸೂದ್ರಾಗ, "ಏಳು ಹಾಕ್ರಿ" ಅಂದ.

"ಇನ್ನೂ ಪೂರ್ತಿ ಕೇಳಿಲ್ರಿ" ಅಂದೆ.

"ಎಲ್ಲಾದಕ್ಕೂ ಏಳು ಹಾಕ್ರಿ ಬಾಯಾರ. ಚಾ ಕುಡೀರಿ."

ಸುಮಿತಾ ಮೇಡಂ, "ನಿಮಗೆ ಅನಿಸಿದ್ದನ್ನೇ ಹೇಳಿ, ಯಾರಿಗೂ ನಿಮ್ಮ ಹೆಸರು ತಿಳಿಯೋದಿಲ್ಲ" ಅಂದ್ಲು. ಅವ ಆಕಿ ಕಡೆ ನೋಡ್ಲಿಲ್ಲ, ನನ್ನ ಕಡೆ ನೋಡಿ ಸಣ್ಣ ದನೀಲೆ ಹೇಳ್ದ: "ಕಮ್ಮಿ ಹಾಕಿದ್ರ ಆ ಸರ್ ಬ್ಯಾಸರ ಮಾಡ್ಕೊಂಡು ಬರೂದು ಬಿಟ್ರ? ನನ್ನ ಮಗಳ ಕಾಲು ಯಾರು ಹಿಡೀತಾರ?"

ಹಾಕಿದ್ವಿ, ಏಳು. ಮುಂದಿನ ಮನ್ಯಾಗೂ ಅದ, ಅದರ ಮುಂದಿನ ಮನ್ಯಾಗೂ ಅದ. ನಿಮ್ಮ ಮುಂಡಗೋಡದ ಕಡೆ ಬಂದಾಗ ಒಬ್ಬಾಕಿ ತಾಯಿ ಸರಕಾರಿ ಕಾರ್ಡು, ಮಗನ ಫೋಟೋ ಎಲ್ಲಾ ತಂದು ನಮ್ಮ ಮುಂದ ಇಟ್ಟು ಕೈಮುಗದು ನಿಂತ್ಲು, ನಾವ ಏನೋ ಕೊಡಾಕ ಬಂದೀವಿ ಅಂತ. ಅವತ್ತ ನಿಮ್ಮ ಮನಿಗೆ ಬರಬೇಕು ಅಂತ ಭಾಳ ಅನಿಸಿತ್ತು. ಸಂತಿ ದಿನ, ಬಸ್ ಸ್ಟ್ಯಾಂಡಿನಿಂದ ನಿಮ್ಮ ಓಣಿ ಕಾಣತಿತ್ತು. ಹುಬ್ಬಳ್ಳಿ ಬಸ್ಸು ಹಚ್ಚಿ ನಿಂತಿತ್ತು, ಮೇಡಂ ಅದರಾಗ ಹೋಗಾಕಿ, ನಾ ತಿರುಗಿ ದಾಂಡೇಲಿ ಮುಟ್ಟಬೇಕು. ಹಿಂಗಾಗಿ ಆಗ್ಲಿಲ್ಲ.

ಜೋಯಿಡಾ ದಾಟಿ ಅನಮೋಡ ಕಡೆ ಹ್ವಾದ ದಿನ ನಾ ಮರಿಯಂಗಿಲ್ಲ. ಚೆಕ್‌ಪೋಸ್ಟಿನ ಲಾರಿ ಸಾಲು ಬಿಟ್ಟು ಒಳಗ ಕಾಡಿನ ದಾರಿ ಹಿಡದು ನಡದ್ವಿ. ಜನಾಬಾಯಿ ವೇಳಿಪ ಅಂತ ಒಬ್ಬಾಕಿ, ಕುಣಬಿ ಮಂದಿ. ಆಕಿ ಮಗಳಿಗೆ ಕುತಗಿ ನಿಲ್ಲೂದಿಲ್ಲ, ಚಾಪಿ ಮ್ಯಾಲ ಮಲಗಿಸಿದ್ಲು. ನಮ್ಮ ಕೇಂದ್ರದ ಗಾಡಿ ಜೋಯಿಡಾ ತನಕ ಬರ್ತೈತಿ, ಮುಂದ ಬರೂದಿಲ್ಲ. ಹುಡುಗಿ ಸಣ್ಣಾಕಿ ಇದ್ದಾಗ ಜನಾಬಾಯಿ ಹೆಗಲ ಮ್ಯಾಲ ಹೊತ್ತು ಡಾಂಬರ ರಸ್ತೇಕ ಬಂದು, ಬಸ್ಸು ಹತ್ತಿ ಗಾಡಿ ಮುಟ್ಟತಿದ್ಲಂತ. ಈಗ ಹುಡುಗಿ ಬೆಳದಾಳ, ಹೊರಾಕ ಆಗೂದಿಲ್ಲ. ವರ್ಷದ ಮ್ಯಾಲ ಆತು, ಎಲ್ಲೂ ಹೋಗಿಲ್ಲ.

ನಾ ಕೊಂಕಣಿಯೊಳಗ ಕೇಳ್ದೆ, ನಿನ್ನ ಮಗಳ ಜೋಡಿ ಕೆಲಸ ಮಾಡೋರು ನಿನ್ನ ಎಷ್ಟು ಗೌರವದಿಂದ ಕಾಣ್ತಾರ ಅಂತ.

"ನನ್ನ ಮಗಳ ಜೋಡಿ ಕೆಲಸ ಮಾಡೋರು?" ಅಂದ್ಲು. "ನಾ ಒಬ್ಬಾಕೀನ ಅಲ್ಲೇನು? ನಾ ನನ್ನ ಹೆಂಗ ಕಾಣ್ತೀನಿ ಅಂತ ಕೇಳಾಕ ಇಷ್ಟು ದೂರ ನಡಕೋತ ಬಂದೀರೇನು?"

ಅಂದು ನಕ್ಕಳು. ಮುಖತುಂಬ ನಗಿ ಸ್ವಪ್ನಾ, ವ್ಯಂಗ್ಯ ಅಲ್ಲ. ನಾನೂ ನಕ್ಕೆ. ಮೇಡಂಗ ಅರ್ಥ ಮಾಡಿ ಹೇಳಿದ ಮ್ಯಾಲ ಆಕಿ ನಗಲಿಲ್ಲ. ಕಾಗದದ ಮ್ಯಾಲ ಪೆನ್ನು ಹಿಡದು ಹಂಗ ಕುಂತ್ಲು. ಸೇವಾನ ಸಿಗದೋರಿಗೆ ಹಾಕಾಕ ಅದರಾಗ ಅಂಕೀನ ಇರಲಿಲ್ಲ. ಕಡೀಕ "ಅನ್ವಯಿಸುವುದಿಲ್ಲ" ಅಂತ ಒಂದು ಚೌಕ ಇತ್ತು, ಸಾಲಾಗಿ ಎಲ್ಲಾ ಪ್ರಶ್ನಿಗೂ ಅದನ್ನ ಗೀಟು ಹಾಕಿದ್ಲು. ಬರೂವಾಗ ಜನಾಬಾಯಿ ನಮಗ ಕೆಸುವಿನ ಗಡ್ಡಿ ಕೊಟ್ಲು. ದಾರಿಯೊಳಗ ನನಗ ಕಾಲು ಸೋತಿದ್ವು. ಖರೇ ಹೇಳ್ತೀನಿ, ಕಾಲಕಿಂತ ಮನಸು ಸೋತಿತ್ತು. ಬ್ಯಾರೆಯವ್ರ ದಣಿವು ಕೇಳಿ ಕೇಳಿ ನಮ್ಮ ದಣಿವಿಗೆ ಜಾಗಾನ ಉಳೀಲಿಲ್ಲ ಅನಸ್ತೈತಿ.

ಹ್ವಾದ ವಾರ ಹಳಿಯಾಳದಾಗ ಸಭಾ ಕರದಿದ್ರು. ಟ್ರಸ್ಟಿನ ದೊಡ್ಡ ಅಧಿಕಾರಿ ಉದಯಕುಮಾರ ಅನ್ನೋರು ಬಂದಿದ್ರು. ನಾವೆಲ್ಲ ತಾಯಿ ತಂದಿ ಮಕ್ಕಳನ್ನ ತೊಡಿಮ್ಯಾಲ ಹಾಕ್ಕೊಂಡು ಕುರ್ಚಿಮ್ಯಾಲ ಕುಂತಿದ್ವಿ. ಗ್ವಾಡಿಮ್ಯಾಲ ಬೆಳಕು ಬಿಟ್ಟು ಉದ್ದುದ್ದ ಬಣ್ಣದ ಕಂಬ ತೋರಿಸಿದ್ರು. ಎಲ್ಲಾ ಕಂಬ ಮ್ಯಾಲ ಮುಟ್ಟಿದ್ವು.

"ಪಾಲಕರು ನಮ್ಮ ಸೇವೆಯಿಂದ ಬಹಳ ತೃಪ್ತರಾಗಿದ್ದಾರೆ. ನಮ್ಮ ಬೇರೆ ಯಾವ ಕೇಂದ್ರದಲ್ಲೂ ಇಷ್ಟು ಒಳ್ಳೆಯ ಅಂಕ ಬಂದಿಲ್ಲ" ಅಂದ್ರು ಸಾಹೇಬ್ರು. ಎಲ್ಲಾರೂ ಚಪ್ಪಾಳಿ ಹೊಡದ್ವಿ. ಆಮ್ಯಾಲ ಹೇಳಿದ್ರು: ಇಲ್ಲಿ ಕೆಲಸ ಚಲೋ ಆಗೇತಿ, ತಾಯಿ ತಂದಿ ಎಲ್ಲಾ ಕಲತಾರ. ಅದಕ್ಕ ಕಿರಣಕುಮಾರ ಸರ್ ಅವ್ರನ್ನ ಬ್ಯಾರೆ ಜಿಲ್ಲಾಕ ಹಾಕ್ತೀವಿ, ಜನವರಿಯಿಂದ ಅವ್ರು ಇಲ್ಲಿಗೆ ತಿಂಗಳಿಗೊಮ್ಮೆ ಬರ್ತಾರ. ಜೋಯಿಡಾ ಗಾಡಿ ಹತ್ತೋ ಮಕ್ಕಳು ಕಮ್ಮಿ, ಅದನ್ನ ನಿಲ್ಲಸ್ತೀವಿ.

ಚಪ್ಪಾಳಿ ಹೊಡದ ಕೈ ಹಂಗ ಉಳದ್ವು ನೋಡು. ಕಿರಣ ಸರ್ ಬಾಗಲದಾಗ ನಿಂತಿದ್ರು, ತಲಿ ಎತ್ತಲಿಲ್ಲ. ಸುಮಿತಾ ಮೇಡಂಗೂ ಇದು ಮೊದಲ ಗೊತ್ತಿರಲಿಲ್ಲ.

ನಾ ಎದ್ದು ನಿಂತೆ. ನಿನಗ ಗೊತ್ತೈತಿ, ನಾ ಸಭಾದಾಗ ಮಾತಾಡಾಕಿ ಅಲ್ಲ. ಬಾಳೇಶ ನಿಮ್ಮಪ್ಪನ ತೊಡಿಮ್ಯಾಲ ಇದ್ದ, ಅದಕ್ಕ ಏಳಾಕ ಬಂತು. "ಸಾಹೇಬ್ರ, ಅನಮೋಡ ಕಡೆ ಜನಾಬಾಯಿ ಅಂತ ಒಬ್ಬಾಕಿ ಅದಾಳ, ಆಕಿದು ಯಾವ ಕಂಬದಾಗ ಐತಿ?" ಅಂತ ಕೇಳ್ದೆ.

ಅವ್ರು ಹಾಳಿ ತಿರುವಿ, "ಅವರು ನಮ್ಮ ಸೇವೆ ತಗೊಳ್ತಾ ಇಲ್ಲವಲ್ಲಮ್ಮ. ತಗೊಳ್ಳದವರನ್ನ ಲೆಕ್ಕಕ್ಕೆ ಸೇರಿಸೋಕಾಗಲ್ಲ" ಅಂದ್ರು. ಕೆಟ್ಟ ಮನಷ್ಯಾ ಅಲ್ಲ ಅವ್ರು. ಸಾವಕಾಶ, ತಿಳಿಸಿ ಹೇಳಿದ್ರು.

ಅಷ್ಟ್ರಾಗ ಹಿಂದಿನಿಂದ ಗೂಳಪ್ಪ ಎದ್ದ. ಮಗಳನ್ನ ಎದೀಗ ಅವಚಿಕೊಂಡಿದ್ದ.

"ಸಾಹೇಬ್ರ, ಆ ಏಳು ನಾ ಕೊಟ್ಟದ್ದು ಕಿರಣ ಸರ್‌ಗೆ. ಅವ್ರು ನಮ್ಮಲ್ಲೆ ಬರ್ಲಿ ಅಂತ ಕೊಟ್ಟದ್ದು, ಅವ್ರನ್ನ ನೀವು ಒಯ್ರಿ ಅಂತ ಅಲ್ಲ."

"ಹಾಗಾದರೆ ನೀವು ಹೇಳಿದ್ದು ಸುಳ್ಳಾ?"

"ಹೌದ್ರಿ. ಅಂಜಿ ಹೇಳೇನಿ. ವಾರಕ್ಕೊಮ್ಮೆ ಬಂದ್ರೂ ಸಾಲೂದಿಲ್ರಿ. ಈಕಿ ಕಾಲಿನ ಬೂಟಿಗೆ ಅಳತಿ ತಗೊಂಡು ಹೋಗ್ಯಾರ, ಇನ್ನೂ ಬಂದಿಲ್ಲ. ಹೊಲಕ್ಕ ಹ್ವಾದ್ರ ಈಕಿನ್ನ ನೋಡೋರಿಲ್ಲ. ಈಗ ಹಾಕ್ರಿ, ಒಂದು ಹಾಕ್ರಿ. ಒಂದು ಹಾಕಿದ್ರ ವಾರಕ್ಕ ಎರಡ ಸಲ ಬರ್ತಾರೇನು?"

ಆಮ್ಯಾಲ ಒಬ್ಬೊಬ್ರ ಎದ್ರು. ಗದ್ದಲ ಆತು, ಕೂಸುಗಳು ಅಳಾಕ ಹತ್ತಿದ್ವು, ಬಾಳೇಶ ಖುಷಿಯಿಂದ ಕೂಗಾಕ ಹತ್ತಿದ. ಸುಮಿತಾ ಮೇಡಂ ಎದ್ದು, "ಸರ್, ನಾನು ಕೇಳಿದ ರೀತಿಯಲ್ಲೇ ಏನೋ ತಪ್ಪಾಗಿದೆ. ಇದನ್ನ ಹೀಗೇ ಬರೆದುಕೊಡೋಕೆ ನನ್ನಿಂದ ಆಗಲ್ಲ" ಅಂದ್ಲು. ಸಾಹೇಬ್ರು ಆಕಿನ್ನ ಬಾಜೂ ಖೋಲಿಯೊಳಗ ಕರದ್ರು. ಭಾಳ ಹೊತ್ತು ಮಾತಾಡಿ ಹೊರಗ ಬಂದ್ರು.

ಏನಾತು ಅಂತೀಯಾ? ಕಿರಣ ಸರ್ ಹದಿನೈದು ದಿನಕ್ಕೊಮ್ಮೆ ಬರ್ತಾರ. ವಾರಕ್ಕೊಮ್ಮೆ ಇದ್ದದ್ದು ಅರ್ಧ ಆತು, ತಿಂಗಳಿಗೊಮ್ಮೆ ಆಗೂದು ತಪ್ಪಿತು. ಜೋಯಿಡಾ ಗಾಡಿ ನಿಂತು ಹೋತು. ಅದರದು "ಮುಂದೆ ವಿಚಾರ ಮಾಡೋಣ" ಅಂದ್ರು. ಗೂಳಪ್ಪ ನಮಗ ಕೈಮುಗದು ಹಳ್ಳಿ ಬಸ್ಸು ಹತ್ತಿದ. ಗೆದ್ವಿ ಅಂತ ಅನ್ನಾಕ ಬರೂದಿಲ್ಲ, ಸೋತ್ವಿ ಅಂತ ಅನ್ನಾಕೂ ಮನಸಿಲ್ಲ. ಮನಿಗೆ ಹೋಗಿ ಮಲಗಿದ್ರ ಸಾಕಿತ್ತು.

ಹಳಿಯಾಳ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮಪ್ಪ ಬಾಳೇಶನ್ನ ಎತ್ತಿಕೊಂಡು ಬಸ್ಸು ನೋಡಾಕ ಹ್ವಾದ್ರು. ನಾನೂ ಮೇಡಂ ಚಾ ತಗೊಂಡು ಕಲ್ಲಕಟ್ಟಿ ಮ್ಯಾಲ ಕುಂತ್ವಿ. ಆಕಿ ಒಮ್ಮಿಂದೊಮ್ಮೆ, "ಅನ್ನಪೂರ್ಣಾ ಅವರೇ, ನೀವೂ ತಾಯಿನೇ. ನಿಮ್ಮನ್ನ ನಾನು ಕೇಳಲೇ ಇಲ್ಲ" ಅಂದ್ಲು. ಚೀಲದಾಗಿಂದ ಕಾಗದ ತಗೀಲಿಲ್ಲ, ಬಾಯಿಲೆ ಕೇಳಿದ್ಲು. ನಾ ಏಳು ಏಳು ಅನ್ನಲಿಲ್ಲ. ಮಾತು ಕೇಳಿಸಿಕೊಳ್ತಾರಾ ಅಂದ್ಲು, ಕಿರಣ ಸರ್ ಕೇಳಿಸಿಕೊಳ್ತಾರ, ಉಳಿದೋರು ಗಡಿಯಾರ ನೋಡ್ತಾರ ಅಂದೆ. ಮನೆಯವರಿಗೆಲ್ಲ ಮಗುವಿನ ಸ್ಥಿತಿ ತಿಳಿಸಿ ಹೇಳಿದ್ದಾರಾ ಅಂದ್ಲು. ಮನ್ಯಾಗ ಎಲ್ಲಾರಿಗೂ ಗೊತ್ತೈತಿ ಅಂದೆ.

"ಮಗಳಿಗೆ? ಅಕ್ಕ ಇದಾಳೆ ಅಂದ್ರಲ್ಲ, ಅವಳಿಗೆ ಯಾರು ಹೇಳಿದ್ರು?"

ಸ್ವಪ್ನಾ, ನಾ ಭಾಳ ನೆನಿಸಿಕೊಂಡೆ. ದವಾಖಾನಿಗೆ ನಾ ನಿನ್ನ ಎಷ್ಟೋ ಸಲ ಕರ್ಕೊಂಡ ಹೋಗಿದ್ದೆ. ನೀ ಚೀಲ ಹಿಡಕೊಂಡು ಹೊರಗ ಬೆಂಚಿನ ಮ್ಯಾಲ ಕುಂದರ್ತಿದ್ದಿ. ಡಾಕ್ಟರು ನನ್ನ ಒಳಗ ಕರೀತಿದ್ರು, ನಿನ್ನ ಯಾರೂ ಕರೀತಿರಲಿಲ್ಲ. ನಿನಗ ಒಬ್ರೂ ಕೂಡಿಸಿ ಹೇಳಿಲ್ಲ.

ಅದಕ್ಕ ಈಗ ನಾ ಹೇಳ್ತೀನಿ, ಡಾಕ್ಟರು ನನಗ ಹೇಳಿದ್ದನ್ನ. ಬಾಳೇಶ ಹೊಟ್ಟ್ಯಾಗ ಇದ್ದಾಗ ಸರಿ ಇದ್ದ. ಹುಟ್ಟೂ ಮುಂದ ಹೆರಿಗಿ ಭಾಳ ಎಳೀತು, ಹೊರಗ ಬಂದ ಮ್ಯಾಲ ಅವ ಅಳಲಿಲ್ಲ, ಉಸಿರು ತಡ ಆತು. ಆ ಹೊತ್ತಿನ್ಯಾಗ ಮಿದುಳಿಗೆ ಪೆಟ್ಟು ಬಿತ್ತು. ಅಷ್ಟ. ಇದು ರಕ್ತದಾಗ ಬರೂದಲ್ಲ. ನೋಡಿದ್ರ ಹತ್ತೂದಲ್ಲ, ಮುಟ್ಟಿದ್ರ ಹತ್ತೂದಲ್ಲ. ನಿನಗೂ ನಿನ್ನ ಕೂಸಿಗೂ ಇದರಿಂದ ಏನೂ ಅಂಜಿಕಿ ಇಲ್ಲ. ನಂಬಿಕಿ ಬರ್ಲಿಲ್ಲ ಅಂದ್ರ ನೀ ತೋರಿಸೂ ಡಾಕ್ಟರ್ ಬಾಯಿಯನ್ನ ಒಮ್ಮೆ ಕೇಳು, ಸಿದ್ದಲಿಂಗನ್ನೂ ಬಾಜೂ ಕೂಡಿಸಿಕೊಂಡು ಕೇಳು. ಅವ ತಿಳದಾಂವ, ನನ್ನ ಅಳಿಯ.

ನೀ ಹೊತ್ತಿಗೆ ಸರಿಯಾಗಿ ಉಣ್ಣು. ಕಬ್ಬಿಣದ ಗುಳಿಗಿ ತಪ್ಪಿಸಬ್ಯಾಡ. ನೀರಿನ ಕೊಡ ಎತ್ತಬ್ಯಾಡ, ನಿಮ್ಮ ಅತ್ತಿ ಎತ್ತಗೊಡೂದಿಲ್ಲ ಅಂತ ನನಗ ಗೊತ್ತೈತಿ, ಅವ್ರು ನಿನ್ನ ಭಾಳ ಜ್ವಾಕಿ ಮಾಡ್ತಾರ. ಶೇಖಪ್ಪ ಮಾವನೋರಿಗೆ, ನೀಲಕ್ಕ ಅತ್ತಿಯೋರಿಗೆ ನಮ್ಮ ಶರಣು ಹೇಳು. ಹೆರಿಗಿ ಹಗುರಾಗಿ ಆಗ್ಲಿ, ಕೂಸು ಹುಟ್ಟಿದ ಕೂಡ್ಲೆ ಜೋರಾಗಿ ಅಳ್ಲಿ. ಅದ ನನ್ನ ಹಾರೈಕಿ.

ನಿನ್ನ ಅವ್ವ,
ಅನ್ನಪೂರ್ಣಾ

ತಾ.ಕ.: ಸಭಾ ಮುಗಿಸಿ ಮನಿ ಮುಟ್ಟಿದ ಸಂಜಿಕ ನೀಲಕ್ಕ ಅತ್ತಿಯೋರು ಫೋನ್ ಮಾಡಿದ್ರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಬೀಗತಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಖರೇ. ಆದ್ರ ಬಸರಿ ಹೆಂಗಸು, ಹಸೀ ಕೂಸು, ದಿನಾ ಆ ಹುಡುಗನ ಮುಖ ನೋಡೂದು ಚಲೋ ಅಲ್ಲ. ಇಲ್ಲೇ ಮಾಡ್ತೀವಿ" ಅಂದ್ರು. ನಾ, ಸ್ವಪ್ನಾಗ ಫೋನ್ ಕೊಡ್ರಿ, ಆಕಿ ಏನಂತಾಳ ಕೇಳ್ತೀನಿ ಅಂದೆ. ಅವ್ರು ಫೋನಿಗೆ ಕೈ ಅಡ್ಡ ಇಟ್ರು. ಆದ್ರೂ ನನಗ ನಿನ್ನ ದನಿ ಕೇಳಿಸ್ತು. "ನೀವ ಹೇಳ್ರಿ ಅತ್ತಿ. ನನಗೂ ಅಂಜಿಕಿ ಬರ್ತೈತಿ, ಆದ್ರ ಅವ್ವಗ ಹೇಳಾಕ ನನ್ನ ಕಡಿಂದ ಆಗೂದಿಲ್ಲ" ಅಂದಿ.

ನಿಮ್ಮಪ್ಪಗ ಹೇಳಿಲ್ಲ. ಮುಂಡಗೋಡದಿಂದ ಹುಬ್ಬಳ್ಳಿ ದವಾಖಾನಿ ಹತ್ತರ, ಅದಕ್ಕ ಬಾಣಂತನ ಅಲ್ಲೇ ಅಂತ ಹೇಳೇನಿ, ನಂಬ್ಯಾರ. ಬಾಳೇಶ ಮಾತ್ರ ಸಂಜಿ ಆದ್ರ ಬಾಗಲ ಕಡೆ ಮುಖ ಮಾಡಿಕೊಂಡು "ಅಕ್ಕಾ, ಅಕ್ಕಾ" ಅಂತಾನ. ಅವಗ ಏನ ಹೇಳ್ಲಿ? ಅದೊಂದನ್ನ ಬರದು ಕಳಸು.